ಅಜ್ಜನ ಕಾರಿನ ಎರಡು ಮುಳ್ಳುಗಳು

ನಾನು ಚಿಕ್ಕವಳಿದ್ದಾಗ ಬ್ಯಾಡಗಿಯ ನಮ್ಮ ಮನೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ ಇತ್ತು. ಅದರ ಅರ್ಧ ಭಾಗದಲ್ಲಿ ಮೆಣಸಿನಕಾಯಿ ಚೀಲಗಳು, ಇನ್ನರ್ಧದಲ್ಲಿ ಅಜ್ಜನ ಕಪ್ಪು ಕಾರು. ಶೆಡ್ಡಿನ ಬಾಗಿಲು ತೆಗೆದವರು ಮೊದಲು ಎರಡು ಸಲ ಸೀನಿ, ಕಣ್ಣೊರೆಸಿಕೊಂಡು, ಆಮೇಲೆ ಕಾರು ನೋಡಬೇಕಾಗಿತ್ತು. ಕಾರಿನ ಬಾಗಿಲು ತೆಗೆದರೆ ಒಳಗೆ ಬೇರೆಯದೇ ವಾಸನೆ. ಹಳೆಯ ಚರ್ಮದ್ದು, ಪೆಟ್ರೋಲಿನದು, ಬಿಸಿಲಿಗೆ ಕಾದ ಕಟ್ಟಿಗೆಯದು. ಈಗಲೂ ಕಣ್ಣು ಮುಚ್ಚಿದರೆ ಆ ಮೂರನ್ನೂ ನಾನು ಬೇರೆಬೇರೆಯಾಗಿ ಗುರುತಿಸಬಲ್ಲೆ.

ಅದು ವಿಲಾಯಿತಿಯಲ್ಲಿ ತಯಾರಾದ ಗಾಡಿ. ಅಜ್ಜನದು ಮೆಣಸಿನಕಾಯಿ ವ್ಯಾಪಾರ. ಅಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಜ್ಜ ವ್ಯಾಪಾರಕ್ಕೆಂದು ಮುಂಬೈಗೆ ಹೋಗಿದ್ದವನು ಅಲ್ಲಿ ಈ ಕಾರು ಕೊಂಡು, ಮೂರು ದಿನ ತಾನೇ ಓಡಿಸಿಕೊಂಡು ಊರಿಗೆ ತಂದಿದ್ದನಂತೆ. ಅಂದಿನಿಂದ ಅವನದು ಒಂದೇ ಹಟ. ಕಾರು ಬಂದಾಗ ಹೇಗಿತ್ತೋ ಹಾಗೇ ಇರಬೇಕು. ಬಣ್ಣ ಮಾಸಿದರೂ ಹೊಸ ಬಣ್ಣ ಹೊಡೆಸುವಂತಿಲ್ಲ. ಸೀಟಿನ ಚರ್ಮ ಬಿರುಕು ಬಿಟ್ಟರೆ ಎಣ್ಣೆ ಸವರಬೇಕು, ಅದರ ಮೇಲೆ ರೆಕ್ಸಿನ್ ಹೊದಿಸುವಂತಿಲ್ಲ. ಒಂದು ಸ್ಕ್ರೂ ಉದುರಿದರೂ ಹುಡುಕಿ ತೆಗೆದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿಡಬೇಕು. ನಮ್ಮ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ ಹಮಾಲ ಕಾಕಾ ವಾರಕ್ಕೊಮ್ಮೆ ಹಳೆಯ ಧೋತರದ ತುಂಡಿನಿಂದ ಕಾರು ಒರೆಸುತ್ತಿದ್ದರು. ಮಗುವಿನ ಮುಖ ಒರೆಸಿದಷ್ಟು ಮೆಲ್ಲಗೆ ಒರೆಸುತ್ತಿದ್ದರು. ಮನೆಯವರನ್ನು ಬಿಟ್ಟರೆ ಶೆಡ್ಡಿನ ಕೀಲಿ ಇರುತ್ತಿದ್ದದ್ದು ಅವರ ಹತ್ತಿರ ಮಾತ್ರ.

ಸ್ಟೇರಿಂಗಿನ ಮುಂದೆ ಹೊಳೆಯುವ ಕಟ್ಟಿಗೆಯ ಹಲಗೆ, ಅದರಲ್ಲಿ ಗುಂಡಗಿನ ಮೀಟರುಗಳು. ಕೆನೆ ಬಣ್ಣದ ಮುಖ, ಕಪ್ಪು ಅಂಕಿ, ಸೂಜಿಯಂಥ ತೆಳ್ಳನೆಯ ಮುಳ್ಳು. ದೊಡ್ಡದೊಂದು ವೇಗ ತೋರಿಸುತ್ತಿತ್ತು. ಸಣ್ಣವೆರಡರಲ್ಲಿ ಒಂದು ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ಹೇಳುತ್ತಿತ್ತು, ಇನ್ನೊಂದು ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು. ನಾನು ಹೇಳಹೊರಟಿರುವುದು ಈ ಎರಡು ಸಣ್ಣ ಮೀಟರುಗಳ ಸಂಗತಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಕಾರು ಓಡಿಸುವುದನ್ನು ಬಿಟ್ಟ, ಆಮೇಲೆ ಒಬ್ಬನೇ ಅಂಗಳ ದಾಟುವುದನ್ನೂ ಬಿಟ್ಟ. ಆದರೆ ಅಪ್ಪ ಕಾರು ಹೊರಗೆ ತೆಗೆದಾಗಲೆಲ್ಲ ಅಜ್ಜ ಮುಂದಿನ ಸೀಟಿನಲ್ಲಿ ಬಂದು ಕೂರುತ್ತಿದ್ದ. ಕೂತು, ಮುಳ್ಳುಗಳು ಕಾಣದಿದ್ದರೂ ಅವುಗಳ ಕಡೆಗೇ ಮುಖ ಮಾಡಿ, ಪೆಟ್ರೋಲ್ ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಕೇಳುತ್ತಿದ್ದ. ಅಪ್ಪ ನೋಡಿ ಹೇಳುತ್ತಿದ್ದ. ಅಜ್ಜ ತಲೆಯಾಡಿಸುತ್ತಿದ್ದ. ಆಮೇಲಷ್ಟೇ ಕಾರು ಹೊರಡುತ್ತಿತ್ತು.

ಆ ಹೊತ್ತಿಗೆ ಎರಡೂ ಮುಳ್ಳುಗಳು ಕೆಟ್ಟಿದ್ದವು. ಅದು ಅಜ್ಜನಿಗೆ ಗೊತ್ತಿರಲಿಲ್ಲ.

ಪೆಟ್ರೋಲಿನ ಮುಳ್ಳು ಯಾವಾಗ ನೋಡಿದರೂ ಟ್ಯಾಂಕು ತುಂಬಿದೆ ಎಂದೇ ತೋರಿಸುತ್ತಿತ್ತು. ಅದು ತಾನಾಗಿ ಕೆಟ್ಟದ್ದು. ಅಪ್ಪ ಒಂದು ಬಿದಿರಿನ ಕೋಲಿಗೆ ಗೆರೆ ಕೊರೆದು, ಅದನ್ನು ಟ್ಯಾಂಕಿನೊಳಗೆ ಇಳಿಸಿ ನೋಡಿ, ಅಜ್ಜನಿಗೆ ಸರಿಯಾದ ಅಳತೆಯನ್ನೇ ಹೇಳುತ್ತಿದ್ದ. ಆದರೆ ಬಿಸಿಯ ಮುಳ್ಳು ತಾನಾಗಿ ಕೆಟ್ಟದ್ದಲ್ಲ. ಅದನ್ನು ಕೆಡಿಸಿದ್ದು ನಾನು.

ಅಕ್ಕ ಮತ್ತು ನಾನು ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ನಾನು ಕಾರಿನೊಳಗೆ ನುಗ್ಗಿ, ಹಲಗೆಯ ಕೆಳಗೆ, ಕಾಲಿಡುವ ಜಾಗದಲ್ಲಿ ಮುದುಡಿ ಕೂತಿದ್ದೆ. ಅಕ್ಕನ ಹೆಜ್ಜೆಯ ಸಪ್ಪಳ ದೂರವಾದ ಮೇಲೆ ಏಳಲು ಹೋದಾಗ ಹಿಡಿಯಲು ಏನಾದರೂ ಬೇಕಾಯಿತು. ಹಲಗೆಯ ಹಿಂದೆ ಕೈ ಹಾಕಿದೆ, ಕಡ್ಡಿಯಂಥ ತಣ್ಣನೆಯದೊಂದು ಕೈಗೆ ಸಿಕ್ಕಿತು. ಜಗ್ಗಿದೆ. ಟಿಕ್ ಎಂದಿತು. ಆ ಕೂಡಲೆ ದವಾಖಾನೆಯಲ್ಲಿ ಬರುವಂಥ, ಮೂಗು ತಂಪಾಗುವಂಥ ಒಂದು ವಾಸನೆ ಬಂದು, ಹತ್ತು ಎಣಿಸುವಷ್ಟರಲ್ಲಿ ಹೋಗಿಬಿಟ್ಟಿತು. ನೋಡಿದರೆ ತಾಮ್ರದ ತೆಳ್ಳನೆಯ ನಳಿಕೆ ಎರಡು ತುಂಡಾಗಿತ್ತು. ಎರಡೂ ತುದಿಗಳನ್ನು ಒಂದಕ್ಕೊಂದು ತಾಗಿಸಿ, ಹಲಗೆಯ ಹಿಂದೆ ಕಾಣದಂತೆ ಸಿಕ್ಕಿಸಿ, ಕೆಳಗಿಳಿದು ಓಡಿದೆ. ಅಂದಿನಿಂದ ಬಿಸಿಯ ಮುಳ್ಳು ಮೇಲೇಳಲಿಲ್ಲ.

ಅಪ್ಪ ಕೆಳಗೆ ಬಗ್ಗಿ ನೋಡಿ, ಏನೂ ಕಾಣದೆ, ಇಲಿ ವೈರು ಕಡಿದಿರಬೇಕು ಎಂದ. ಮೆಣಸಿನಕಾಯಿ ಚೀಲಗಳ ನಡುವೆ ಯಾವ ಇಲಿ ಬರುತ್ತದೆ ಎಂದು ಅವ್ವ ಕೇಳಿದಳು. ಆದರೂ ಇಲಿಯದೇ ತಪ್ಪು ಎಂದು ತೀರ್ಮಾನವಾಯಿತು. ಕಣ್ಣು ಹೋದ ಸಂಕಟದಲ್ಲಿರುವ ಮುದುಕನಿಗೆ ಇದನ್ನೂ ಯಾಕೆ ಹೇಳಬೇಕು ಎಂದು ಅಪ್ಪ ಸುಮ್ಮನಾದ. ಅಜ್ಜ ಬಿಸಿ ಎಷ್ಟಿದೆ ಎಂದು ಕೇಳಿದಾಗಲೆಲ್ಲ "ನಟ್ಟನಡುವ ಐತ್ರಿ" ಎಂದುಬಿಡುತ್ತಿದ್ದ. ಅಜ್ಜ ತಲೆಯಾಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯಿತು.

ಆಮೇಲೆ ಅಜ್ಜನ ಕಣ್ಣಿನ ಆಪರೇಷನ್ ಆಯಿತು. ಹಾವೇರಿಯಲ್ಲಿ ನಮ್ಮ ಸೋದರತ್ತೆಯ ಮನೆ ಇತ್ತು. ಆಪರೇಷನ್ ಆದ ಮೇಲೆ ಒಂದೂವರೆ ತಿಂಗಳು ಅಜ್ಜ ಅಲ್ಲೇ ಉಳಿದ. ಆಗಿನ ಕಾಲದಲ್ಲಿ ಪೊರೆ ತೆಗೆದ ಕೂಡಲೇ ಕಣ್ಣು ಸ್ಪಷ್ಟವಾಗುತ್ತಿರಲಿಲ್ಲ. ಗಾಯ ಮಾಗಿದ ಮೇಲೆ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು, ಅದನ್ನು ಹಾಕಿಕೊಂಡರೆ ಮಾತ್ರ ಲೋಕ ಕಾಣುತ್ತಿತ್ತು. ಕನ್ನಡಕ ಕೊಡುವ ದಿನ ಗೊತ್ತಾಯಿತು. ಅಜ್ಜ ಊರಿನ ಕಡೆ ಬರುವವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದ. ಕರೆದೊಯ್ಯಲು ಬಸ್ಸಿನಲ್ಲಿ ಬರಬೇಡಿ, ಕಾರು ತನ್ನಿ, ಕಣ್ಣು ಬಂದ ಮೇಲೆ ಮೊದಲು ಮುಳ್ಳುಗಳನ್ನು ನೋಡಬೇಕು ಎಂದು.

ಅದನ್ನು ಕೇಳಿ ಅಪ್ಪ ಅಂದು ಸರಿಯಾಗಿ ಊಟ ಮಾಡಲಿಲ್ಲ. ರಾಣೆಬೆನ್ನೂರಿನಲ್ಲಿ ಹಳೆಯ ಗಾಡಿಗಳ ವೈರಿಂಗ್ ಬಲ್ಲ ಒಬ್ಬ ಚಾಚಾ ಇದ್ದರು. ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗಿ ಮುಳ್ಳು ರಿಪೇರಿ ಮಾಡಿಸಿಕೊಂಡು, ಮಧ್ಯಾಹ್ನ ಹಾವೇರಿಗೆ ಹೋಗಿ ಅಜ್ಜನನ್ನು ಕರೆದುಕೊಂಡು, ಸಂಜೆಗೆ ಮನೆ ಸೇರುವುದೆಂದು ಅಪ್ಪ ಹಾಕಿದ ಲೆಕ್ಕ. ಅಕ್ಕ ಮತ್ತು ನಾನು ಶಾಲೆಗೆ ಹೋಗದೆ ಜೊತೆಗೆ ಹೊರಟೆವು. ನಾನು ಹೊಟ್ಟೆನೋವು ಎಂದು ಹೇಳಿ ಮನೆಯಲ್ಲೇ ಉಳಿಯಬಹುದಿತ್ತು. ಆದರೆ ಅಜ್ಜನ ಕಣ್ಣು ನೋಡುವ ಆಸೆ ಅಷ್ಟೇ ಜೋರಾಗಿತ್ತು.

ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಿಟಕಿಯಿಂದ ಬರುವ ಗಾಳಿ ಕಿವಿ ಚುಚ್ಚುತ್ತಿತ್ತು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಸೇರಿದೆವು. ಎದುರಿನಿಂದ ಬರುವ ಲಾರಿಯವರು ನಮ್ಮ ಕಾರು ಕಂಡು ಹಾರ್ನ್ ಬಾರಿಸಿ ಕೈ ಬೀಸುತ್ತಿದ್ದರು. ಅಕ್ಕ ಪ್ರತಿಯೊಬ್ಬರಿಗೂ ಕೈ ಬೀಸಿದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಚಾಚಾನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಬೇವಿನ ಮರದ ಕೆಳಗೆ ಒಂದು ಬೆಂಚು, ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಬಣ್ಣಬಣ್ಣದ ವೈರುಗಳು. ಚಾಚಾಗೆ ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಅವರು ಕೂಡಲೇ ಕೆಲಸಕ್ಕೆ ಕೈ ಹಾಕಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದರು. ಸೀಟು ಮುಟ್ಟಿದರು, ಬಾಗಿಲಿನ ಹಿಡಿ ಮುಟ್ಟಿದರು, ಹಲಗೆಯ ಮೇಲೆ ಬೆರಳಾಡಿಸಿದರು. ಎಲ್ಲವೂ ಮೊದಲಿದ್ದಂತೆಯೇ ಇಟ್ಟುಕೊಂಡಿದ್ದೀರಿ, ಇಂಥದು ಕಾಣಸಿಗುವುದಿಲ್ಲ ಎಂದು ಅಪ್ಪನಿಗೆ ಹೇಳಿದರು. ಪಕ್ಕದಲ್ಲಿ ಬೀಡಿ ಸೇದುತ್ತಾ ನಿಂತಿದ್ದ ಒಬ್ಬನನ್ನು ದೂರ ಕಳಿಸಿ, ಕಾರಿನ ಹಿಂಬದಿಯ ಡಿಕ್ಕಿ ತೆಗೆಸಿದರು.

ಪೆಟ್ರೋಲಿನ ಮುಳ್ಳಿನ ಕೆಲಸ ಮೊದಲು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮುಳ್ಳು ಅಲುಗಾಡಿದರೆ ಕೂಗಬೇಕೆಂದು ಹೇಳಿದರು. ಅಪ್ಪ ಕೀಲಿ ತಿರುಗಿಸಿದ. ಮುಳ್ಳು ಎಂದಿನಂತೆ ಮೇಲಕ್ಕೆದ್ದು ತುಂಬಿದೆ ಎಂಬಲ್ಲಿ ನಿಂತಿತು. ಹಿಂದೆ ಚಾಚಾ ಟ್ಯಾಂಕಿನ ಮೇಲಿನ ವೈರು ಬಿಚ್ಚಿ, ಅದರ ತುದಿಯನ್ನು ಕಾರಿನ ಬರಿಯ ಕಬ್ಬಿಣಕ್ಕೆ ತಾಗಿಸಿದರು. ಒಂದು ವರ್ಷದಿಂದ ತುಂಬಿದೆ ಎಂದೇ ಹೇಳುತ್ತಿದ್ದ ಮುಳ್ಳು ಸರ್ರನೆ ಕೆಳಗೆ ಬಿದ್ದು ಖಾಲಿ ಎಂಬಲ್ಲಿ ನಿಂತಿತು. ನಾನು ಬಿತ್ತು ಬಿತ್ತು ಎಂದು ಕೂಗಿದೆ.

ಹಾಗಾದರೆ ಮೀಟರೂ ಚೆನ್ನಾಗಿದೆ, ವೈರೂ ಚೆನ್ನಾಗಿದೆ ಎಂದರು ಚಾಚಾ. ಬಂದ ಕರೆಂಟು ತಿರುಗಿ ಹೋಗಲು ಟ್ಯಾಂಕು ಕಾರಿನ ಮೈಗೆ ಗಟ್ಟಿಯಾಗಿ ತಾಗಿಕೊಂಡಿರಬೇಕಂತೆ. ನಡುವೆ ತುಕ್ಕು ಕೂತಿದ್ದರಿಂದ ಆ ದಾರಿ ಮುಚ್ಚಿಹೋಗಿತ್ತು. ಅವರು ಬ್ಲೇಡಿನಿಂದ ತುಕ್ಕು ಕೆರೆದರು. ಬಿಚ್ಚಿದ ಹಳೆಯ ಸ್ಕ್ರೂಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಅವನ್ನೇ ತಿರುಗಿ ಹಾಕಿದರು. ಟ್ಯಾಂಕಿನಿಂದ ಕಾರಿನ ಮೈಗೆ ಒಂದು ಗೇಣು ವೈರು ಕಟ್ಟಿದರು. ಅಪ್ಪ ಮತ್ತೆ ಕೀಲಿ ತಿರುಗಿಸಿದ. ಮುಳ್ಳು ಮೆಲ್ಲಗೆ ಎದ್ದು, ಕಾಲು ಭಾಗದ ಗೆರೆಯಿಂದ ತುಸು ಮೇಲೆ ಹೋಗಿ, ಅಲ್ಲೇ ನಿಂತುಬಿಟ್ಟಿತು.

ಮೊದಲು ತುಂಬಿದೆ ಎನ್ನುತ್ತಿದ್ದದ್ದು ಈಗ ಕಾಲು ಭಾಗ ಎನ್ನುತ್ತಿದೆಯಲ್ಲ, ಇನ್ನೂ ಕೆಟ್ಟಿತೇ ಎಂದು ನಾನು ಕೇಳಿದೆ.

"ಕೆಟ್ಟಿಲ್ಲ ಬೇಟಿ" ಎಂದರು ಚಾಚಾ. "ಇಷ್ಟ ದಿನ ಸುಳ್ಳ ಹೇಳತಿತ್ತು. ಈಗ ಖರೇ ಹೇಳಾಕತ್ತೈತಿ."

ಅಪ್ಪ ಬಿದಿರಿನ ಕೋಲು ಇಳಿಸಿ ನೋಡಿದ. ಕೋಲೂ ಅಷ್ಟೇ ಹೇಳಿತು. ಅಪ್ಪನ ಮುಖ ಅರಳಿತು.

ಆಮೇಲೆ ಚಾಚಾ ಹಲಗೆಯ ಕೆಳಗೆ ಅಂಗಾತ ಮಲಗಿ, ಬ್ಯಾಟರಿ ಹಾಕಿ ನೋಡತೊಡಗಿದರು. ಹೊರಗೆ ಅವರ ಕಾಲು ಮಾತ್ರ ಕಾಣುತ್ತಿತ್ತು. ನನಗೆ ಬೇವಿನ ಮರದ ಕಾಗೆಯ ಕೂಗೂ ಕೇಳಿಸದಾಯಿತು. ಸ್ವಲ್ಪ ಹೊತ್ತಿಗೆ ಅವರು ಎದ್ದು ಕೂತರು. ಅವರ ಬೆರಳಿನಲ್ಲಿ ನಳಿಕೆಯ ತುಂಡಾದ ತುದಿ ಇತ್ತು. ಇದು ವೈರಲ್ಲ, ಟೊಳ್ಳು ನಳಿಕೆ, ಇದರೊಳಗೆ ಸ್ಪಿರಿಟಿನಂಥ ಒಂದು ಔಷಧ ತುಂಬಿರುತ್ತದೆ, ಎಂಜಿನ್ ಬಿಸಿಯಾದಂತೆ ಅದು ಉಬ್ಬಿ ಮುಳ್ಳನ್ನು ತಳ್ಳುತ್ತದೆ, ಒಮ್ಮೆ ಮುರಿದರೆ ಎಲ್ಲ ಆರಿಹೋಗುತ್ತದೆ ಎಂದು ತಿಳಿಸಿ ಹೇಳಿದರು. ಬೆಸುಗೆ ಹಾಕಿದರೂ ಪ್ರಯೋಜನವಿಲ್ಲ. ಮುಂಬೈಯಲ್ಲಿ ಒಬ್ಬರು ಇದನ್ನು ತುಂಬಿಕೊಡುತ್ತಿದ್ದರು, ಈಗ ಇದ್ದಾರೋ ಇಲ್ಲವೋ.

ಅಪ್ಪ ಇಲಿಗಳನ್ನು ಬಯ್ದ.

ಚಾಚಾ ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಲಿ ರಬ್ಬರ್ ತಿಂತೈತ್ರಿ ಸಾವಕಾರ್ರ. ತಾಮ್ರ ತಿನ್ನಂಗಿಲ್ಲ. ಇದನ್ನ ಯಾರೋ ಜಗ್ಗ್ಯಾರ. ಜಗ್ಗಿ, ಮುರದದ್ದು ನೋಡಿ, ಮತ್ತ ಒಳಗ ಸಿಕ್ಕಿಸ್ಯಾರ."

ಅವರು ನನ್ನ ಕಡೆ ನೋಡಲಿಲ್ಲ. ಆದರೆ ಅಕ್ಕ ನೋಡಿದಳು. ಅಪ್ಪ ನಳಿಕೆಯನ್ನು ಕೈಗೆ ತೆಗೆದುಕೊಂಡು ನೋಡಿದ. ಆಮೇಲೆ ಮೆಲ್ಲಗೆ, ಶೆಡ್ಡಿನ ಕೀಲಿ ಹಮಾಲನ ಹತ್ತಿರ ಇರುತ್ತದೆ, ಒರೆಸುವಾಗ ಜಗ್ಗಿ ಹೆದರಿ ಮುಚ್ಚಿಟ್ಟಿರಬೇಕು, ಇಷ್ಟು ವರ್ಷದ ಮನುಷ್ಯ ಹೀಗೆ ಮಾಡುತ್ತಾನೆಂದುಕೊಂಡಿರಲಿಲ್ಲ, ನಾಳೆ ಬೆಳಿಗ್ಗೆ ಕರೆದು ಕೇಳುತ್ತೇನೆ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಜಾರೇ ಹೆಚ್ಚಿತ್ತು.

ಹಮಾಲ ಕಾಕಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಚೀಲಗಳ ಗುಡ್ಡ ಹತ್ತಿಸಿದವರು. ಅಲ್ಲೇ, ಆಗಲೇ ಹೇಳಬೇಕಿತ್ತು. ಹೇಳದೆ ಅಕ್ಕನ ಹಿಂದೆ ಸರಿದು ನಿಂತೆ.

ಚಾಚಾ ಒಳಗಿನಿಂದ ಲಾರಿಗೆ ಹಾಕುವ ಒಂದು ಹೊಸ ಮೀಟರ್ ತಂದು ತೋರಿಸಿದರು. ಬೇಕಿದ್ದರೆ ಇದನ್ನು ಕೂರಿಸಬಹುದು, ಬಿಸಿ ಸರಿಯಾಗಿ ತೋರಿಸುತ್ತದೆ, ಆದರೆ ಹಲಗೆಯ ತೂತು ದೊಡ್ಡದು ಮಾಡಬೇಕಾಗುತ್ತದೆ ಎಂದರು. ಅಪ್ಪ ಆ ಮೀಟರನ್ನು ಕೈಯಲ್ಲಿ ಹಿಡಿದು, ಹಲಗೆಯ ಮೇಲಿಟ್ಟು ನೋಡಿದ. ಅದರ ಕಪ್ಪು ಮುಖ ಆ ಕೆನೆ ಬಣ್ಣದವುಗಳ ನಡುವೆ ಪರವೂರಿನವನಂತೆ ಕಂಡಿತು. ಅಪ್ಪ ಅದನ್ನು ತಿರುಗಿ ಕೊಟ್ಟುಬಿಟ್ಟ. ಚಾಚಾ ನಗುತ್ತ ಒಳ್ಳೆಯದು ಮಾಡಿದಿರಿ ಎಂದು, ಮುರಿದ ನಳಿಕೆಯನ್ನು ನಾಜೂಕಾಗಿ ಸುತ್ತಿ ಮೊದಲಿನ ಜಾಗದಲ್ಲೇ ಇಟ್ಟರು.

ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಅಪ್ಪ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕೊಡಿಸಿದ. ನನಗೆ ಬಹಳ ಇಷ್ಟದ ತಿಂಡಿ. ಕಾಗದದ ಮೇಲೆ ಎಣ್ಣೆ ಹರಡುವುದನ್ನು ನೋಡುತ್ತ ಕೂತೆ, ತಿನ್ನಲು ಆಗಲಿಲ್ಲ. ಅಪ್ಪ ನೀರು ಕುಡಿಯಲು ಎದ್ದು ಹೋದಾಗ ಅಕ್ಕ ನನ್ನ ಕಿವಿಯ ಹತ್ತಿರ ಬಂದಳು.

"ನೀನ ಹೌದಲ್ಲ?" ಎಂದಳು. ನಾನು ತಲೆಯಾಡಿಸಿದೆ.

"ನಾ ಹೇಳಂಗಿಲ್ಲ. ನೀನ ಹೇಳಬೇಕು. ನಾಳೆ ಮುಂಜಾನೆ ಆಗೂದ್ರಾಗ."

ಹಾವೇರಿಯ ಕಣ್ಣಿನ ದವಾಖಾನೆಯ ಪಡಸಾಲೆಯಲ್ಲಿ ಬೆಂಚುಗಳ ತುಂಬ ಮುದುಕರು, ಮುದುಕಿಯರು. ಅಲ್ಲಿಯ ಸ್ಪಿರಿಟಿನ ವಾಸನೆ ಮೂಗಿಗೆ ಬಡಿದದ್ದೇ, ಅಂದು ಕಾರಿನೊಳಗೆ ಬಂದ ವಾಸನೆ ನೆನಪಾಯಿತು. ಸೋದರತ್ತೆ ಅಜ್ಜನ ಕೈ ಹಿಡಿದು ಕೂತಿದ್ದಳು. ಒಳಗೆ ಕರೆದರು. ಡಾಕ್ಟರು ಅಜ್ಜನ ಮೂಗಿನ ಮೇಲೆ ಕನ್ನಡಕ ಕೂರಿಸಿ, ಕಿವಿಯ ಹಿಂದೆ ಸರಿಪಡಿಸಿ, ಹಿಂದೆ ಸರಿದು ನಿಂತರು.

ಅಜ್ಜ ಮೊದಲು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಆಮೇಲೆ ತಲೆ ಎತ್ತಿದ. ದಪ್ಪ ಗಾಜಿನ ಹಿಂದೆ ಅವನ ಕಣ್ಣುಗಳು ದೊಡ್ಡದಾಗಿ, ಒದ್ದೆಯಾಗಿ ಕಂಡವು. ಅಕ್ಕನನ್ನು ನೋಡಿದ, ನನ್ನನ್ನು ನೋಡಿದ, ಎಷ್ಟು ಎತ್ತರ ಬೆಳೆದಿದ್ದೀರಿ ಎಂದ. ಕೊನೆಗೆ ಅಪ್ಪನ ಕಡೆ ತಿರುಗಿದ. ಕೈ ಚಾಚಿ ಅಪ್ಪನ ಕಿವಿಯ ಮೇಲಿನ ಕೂದಲು ಮುಟ್ಟಿದ.

"ನಿನ್ನ ತಲಿ ಯಾವಾಗ ಬೆಳ್ಳಗಾತೋ?" ಎಂದು ಕೇಳಿದ.

ಅಪ್ಪ ನಕ್ಕ, ಆದರೆ ಕಣ್ಣು ಒರೆಸಿಕೊಂಡ.

ಕಾರಿನ ಹತ್ತಿರ ಬಂದಾಗ ಅಜ್ಜ ಅದರ ಸುತ್ತ ಒಂದು ಸುತ್ತು ಬಂದ. ಬೆಳಿಗ್ಗೆ ಚಾಚಾ ಮಾಡಿದಂತೆಯೇ ಮುಟ್ಟಿ ಮುಟ್ಟಿ ನೋಡಿದ. ಮಾಸಿದ ಜಾಗ, ಗೀರಿದ ಜಾಗ, ಎಲ್ಲವೂ ತನಗೆ ಗೊತ್ತಿದ್ದವೇ ಎಂದು ಖಾತ್ರಿ ಮಾಡಿಕೊಂಡವನಂತೆ ಮುಂದಿನ ಸೀಟಿನಲ್ಲಿ ಕೂತ. ಸೋದರತ್ತೆ ಕೈಬೀಸಿದಳು. ಕಾರು ಹೊರಟಿತು.

ಊರು ದಾಟಿ ಹೆದ್ದಾರಿಗೆ ಬಂದ ಮೇಲೆ ಅಜ್ಜ ಹಲಗೆಯ ಕಡೆ ಬಾಗಿದ. ಪೆಟ್ರೋಲ್ ಕಾಲು ಭಾಗ ಇದೆ ಎಂದು ತಾನೇ ಓದಿ ಹೇಳಿದ. ಅವನ ಖುಷಿ ನೋಡಿ ಅಪ್ಪನಿಗೂ ಹುರುಪು ಬಂತು. ಇವತ್ತು ರಿಪೇರಿ ಮಾಡಿಸಿದ್ದಕ್ಕೇ ಸರಿಯಾಗಿ ತೋರಿಸುತ್ತಿದೆ ಎಂದುಬಿಟ್ಟ.

ಅಜ್ಜ ತಿರುಗಿದ. "ರಿಪೇರಿ? ಕೆಟ್ಟಿತ್ತೇನು?"

ಅಪ್ಪನಿಗೆ ತಾನು ಬಾಯಿ ಬಿಟ್ಟದ್ದು ಆಗ ಗೊತ್ತಾಯಿತು. ಒಂದು ವರ್ಷದಿಂದ ಕೆಟ್ಟಿತ್ತು, ಕೋಲು ಹಾಕಿ ನೋಡಿ ಹೇಳುತ್ತಿದ್ದೆ ಎಂದ. ಅಜ್ಜ ಸರಿ ಎಂಬಂತೆ ತಲೆಯಾಡಿಸಿದ. ಆಮೇಲೆ ಅವನ ಬೆರಳು ಪಕ್ಕದ ಮೀಟರಿನ ಗಾಜಿನ ಮೇಲೆ ಹೋಯಿತು. ಕಾರು ಅರ್ಧ ತಾಸಿನಿಂದ ಓಡುತ್ತಿತ್ತು. ಬಿಸಿಯ ಮುಳ್ಳು ಕೆಳಗೆ, ತಣ್ಣಗಿದೆ ಎಂಬಲ್ಲೇ ಇತ್ತು.

"ಮತ್ತ ಇದು?" ಎಂದ ಅಜ್ಜ. "ಇದನ್ನ ಯಾವ ಕೋಲ ಹಾಕಿ ನೋಡತಿದ್ದಿ?"

ಅಪ್ಪ ಹಮಾಲನ ಹೆಸರು ಎತ್ತಲು ಹೊರಟ. ಅಕ್ಕ ನನ್ನ ಕೈ ಹಿಡಿದಳು, ಹಿಡಿದದ್ದು ಬಿಡಲಿಲ್ಲ.

"ನಾನು ಮುರದೇನಿ ಅಜ್ಜಾ" ಎಂದೆ. "ಕಾಕಾ ಅಲ್ಲ. ಇಲಿ ಅಲ್ಲ. ಆಟ ಆಡೂವಾಗ ನಾನ ಜಗ್ಗಿದೆ."

ಎಲ್ಲವನ್ನೂ ಹೇಳಿದೆ. ಅಡಗಿ ಕೂತದ್ದು, ಟಿಕ್ ಎಂದದ್ದು, ವಾಸನೆ, ತುದಿಗಳನ್ನು ಸಿಕ್ಕಿಸಿದ್ದು. ಹೇಳುವಾಗ ಅಜ್ಜನ ಕಡೆ ನೋಡಲಿಲ್ಲ, ಅಪ್ಪನ ಬೆನ್ನು ನೋಡುತ್ತ ಹೇಳಿದೆ. ಮುಗಿಸಿದ ಮೇಲೆ ಅಜ್ಜ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದ.

"ಕೈ ಕೊಯ್ದಿತ್ತೇನು ಆವಾಗ?" ಎಂದು ಕೇಳಿದ.

ನಾನು ಬಯ್ಗುಳಕ್ಕೆ ಸಿದ್ಧಳಾಗಿದ್ದೆ, ಈ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ. ಇಲ್ಲ ಎನ್ನಲು ಹೋಗಿ ಜೋರಾಗಿ ಅತ್ತುಬಿಟ್ಟೆ. ಅಜ್ಜ ನನ್ನ ಅಳು ನಿಲ್ಲುವವರೆಗೆ ಕಾದ. ಆಮೇಲೆ ಮುಂದೆ ತಿರುಗಿ ಅಪ್ಪನಿಗೆ ಹೇಳಿದ. ದನಿ ಏರಿಸಲಿಲ್ಲ.

"ಅಕಿ ಸಣ್ಣಾಕಿ, ಹೆದರಿದ್ಲು. ನೀ ಯಾಕ ಹೆದರಿದಿ? ಕಣ್ಣ ಕಾಣಲಾರದಾಂವ ಕೇಳಿದ್ರ, ಅವಂಗ ಎಲ್ಲಾರಕಿಂತ ಖರೇ ಹೇಳಬೇಕೋ. ಅವಂಗ ಬ್ಯಾರೆ ಏನೈತಿ?"

"ತಪ್ಪಾತ್ರಿ ಅಪ್ಪಾರ" ಎಂದ ಅಪ್ಪ. ಬೆಳ್ಳಗಾದ ತಲೆಯ ನನ್ನ ಅಪ್ಪ ಹಾಗೆ ತಲೆ ತಗ್ಗಿಸಿ ಹೇಳಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ನನ್ನ ತಪ್ಪಿಗಾಗಿ ಅತ್ತಿದ್ದಕ್ಕಿಂತ ಆಗ ಹೆಚ್ಚು ಸಂಕಟವಾಯಿತು.

ಸ್ವಲ್ಪ ದೂರ ಹೋದ ಮೇಲೆ ಅಜ್ಜ ಏನೋ ಕಾದ ವಾಸನೆ ಹಿಡಿದವನಂತೆ ಮೂಗೆಳೆದು, ಗಾಡಿ ನಿಲ್ಲಿಸು ಎಂದ. ಸಿಟ್ಟಿನಿಂದ ಇಳಿದು ಹೋಗುತ್ತಾನೇನೋ ಎಂದು ನನಗೆ ಭಯ. ಅವನು ಇಳಿದು ಮುಂಭಾಗಕ್ಕೆ ಹೋಗಿ, ನನ್ನನ್ನು ಹತ್ತಿರ ಕರೆದ. ಅಪ್ಪ ಬಾನೆಟ್ ಎತ್ತಿದ. ಕಾದ ಕಬ್ಬಿಣ, ಕಾದ ಎಣ್ಣೆಯ ಗಾಳಿ ಮುಖಕ್ಕೆ ಬಡಿಯಿತು. ಒಳಗೆ ಎಲ್ಲಿಯೋ ನೀರು ಕುದಿಯುವ ಗುಳುಗುಳು ಸದ್ದು. ರೇಡಿಯೇಟರಿನ ಮುಚ್ಚಳ ಈಗ ಮುಟ್ಟಬಾರದು, ಮುಟ್ಟಿದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ ಎಂದು ಅಜ್ಜ ನನ್ನನ್ನು ತುಸು ಹಿಂದೆ ನಿಲ್ಲಿಸಿದ. ಅರ್ಧ ತಾಸು ಬಿಟ್ಟು, ಟವೆಲ್ ಸುತ್ತಿ ಮುಚ್ಚಳ ತೆಗೆದಾಗ ನೀರು ತಳಕ್ಕೆ ಹೋಗಿತ್ತು. ಬೆಳಿಗ್ಗೆ ಮುಳ್ಳುಗಳ ಚಿಂತೆಯಲ್ಲಿ ಅಪ್ಪ ನೀರು ಹಾಕುವುದನ್ನೇ ಮರೆತಿದ್ದ. ಹಾಗೇ ಓಡಿಸಿದ್ದರೆ ಮೂವತ್ತು ವರ್ಷದ ಎಂಜಿನ್ ಆ ಸಂಜೆಯೇ ಕೈಕೊಡುತ್ತಿತ್ತು. ಅಪ್ಪ ಮಾತಿಲ್ಲದೆ ಡಬ್ಬಿ ಹಿಡಿದು ಪಕ್ಕದ ಹೊಲದ ಪಂಪ್‌ಸೆಟ್ಟಿಗೆ ನೀರು ತರಲು ಹೋದ.

ನಾವು ಕಾಯುತ್ತ ನಿಂತ ಜಾಗದ ಎದುರಿನ ಕಣದಲ್ಲಿ ಮೆಣಸಿನಕಾಯಿ ಹರಡಿದ್ದರು. ಸಂಜೆಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಅಜ್ಜ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಪೊರೆ ಬಂದ ಮೇಲೆ ಮೆಣಸಿನಕಾಯಿ ತನಗೆ ಒಣಗಿದ ಮಣ್ಣಿನ ಬಣ್ಣದಲ್ಲಿ ಕಾಣುತ್ತಿತ್ತಂತೆ. ವಾಸನೆ ಹಿಡಿದು, ಬೆರಳಲ್ಲಿ ಮುರಿದು ನೋಡಿ ದರ್ಜೆ ಹೇಳುತ್ತಿದ್ದನಂತೆ, ಬಣ್ಣ ಮಾತ್ರ ಮರೆತೇಹೋಗಿತ್ತಂತೆ. ಕೆಂಪು ಇಷ್ಟು ಕೆಂಪಾಗಿರುತ್ತದೆ ಎಂದು ಮರೆತಿದ್ದೆ ಎಂದು ಅವನು ಅಕ್ಕನಿಗೆ ಹೇಳಿದ. ಬಹಳ ಹೊತ್ತು ಅಲ್ಲೇ ನಿಂತಿದ್ದ. ಎಂಜಿನ್ ತಣ್ಣಗಾದ ಮೇಲೂ ನಾವು ಅವನನ್ನು ಅವಸರ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹಮಾಲ ಕಾಕಾ ಎಂದಿನಂತೆ ಬಂದು, ಸೀನಿ, ಶೆಡ್ಡಿನ ಬಾಗಿಲು ತೆಗೆದರು. ಒಂದು ದಿನದ ಮಟ್ಟಿಗೆ ತಮ್ಮ ಮೇಲೆ ಗುಮಾನಿ ಬಂದಿತ್ತೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಪ್ಪ ತಾನೇ ಅವರಿಗೆ ಚಹಾ ತಂದುಕೊಟ್ಟ. ನಾನು ಧೋತರದ ಇನ್ನೊಂದು ತುಂಡು ಹಿಡಿದು ಅವರ ಜೊತೆ ಕಾರು ಒರೆಸಿದೆ. ಇವತ್ತು ಸೂರ್ಯ ಯಾವ ದಿಕ್ಕಿಗೆ ಹುಟ್ಟಿದ್ದಾನೆ ಎಂದು ಅವರು ನಗಾಡಿದರು.

ಬಿಸಿಯ ಮುಳ್ಳನ್ನು ಅಜ್ಜ ಬದಲಾಯಿಸಲು ಬಿಡಲಿಲ್ಲ. ಅದರ ಕೆಲಸವನ್ನು ನನಗೆ ವಹಿಸಿದ. ಹೊರಡುವ ಮುಂಚೆ ನೀರು ನೋಡುವುದು, ದಾರಿಯಲ್ಲಿ ನಿಂತಾಗ ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡುವುದು, ವಾಸನೆ ಹಿಡಿಯುವುದು. ಅವನು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಒಮ್ಮೊಮ್ಮೆ ನನಗೆ ತಿಳಿಯುತ್ತಿರಲಿಲ್ಲ. ಆಗ ಗೊತ್ತಿಲ್ಲ, ನಿಂತು ನೋಡೋಣ ಎನ್ನುತ್ತಿದ್ದೆ. ಆ ಉತ್ತರ ಅಜ್ಜನಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುತ್ತಿತ್ತು.

ಮೊಮ್ಮಕ್ಕಳೇ, ಈಗ ನಿಮ್ಮ ಅಪ್ಪನ ಕಾರಿನಲ್ಲಿ ನಾವೆಲ್ಲ ರಾಣೆಬೆನ್ನೂರಿಗೆ ಹೋಗುವಾಗ ನಾನು ಮುಂದಿನ ಸೀಟಿನಲ್ಲಿ ಕೂತು ಆ ಬಣ್ಣದ ಪರದೆಯನ್ನು ನೋಡುತ್ತಿರುತ್ತೇನೆ. ಬೆಲ್ಟ್ ಹಾಕದಿದ್ದರೆ ಅದು ಕೂಗುತ್ತದೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಚಿತ್ರ ತೋರಿಸುತ್ತದೆ. ಟೈರಿನ ಗಾಳಿ ಇಳಿದರೂ ಹೇಳುತ್ತದೆ, ಹಿಂದೆ ಹೋಗುವಾಗ ಬೆಕ್ಕು ಅಡ್ಡ ಬಂದರೂ ಹೇಳುತ್ತದೆ. ರಸ್ತೆ ಅಗಲವಾಗಿದೆ, ಮೋಟೆಬೆನ್ನೂರು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ನೀವು ತಂಪಾಗಿ ಕೂತು ಹಾಡು ಕೇಳುತ್ತೀರಿ, ನಿದ್ದೆ ಮಾಡುತ್ತೀರಿ. ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಒಳ್ಳೆಯದೇ. ನಮ್ಮ ಅಪ್ಪ ಪಟ್ಟ ಪಾಡು ನಿಮ್ಮ ಅಪ್ಪನಿಗೆ ಇಲ್ಲ.

ಆದರೆ ಮೊನ್ನೆಯಿಂದ ಆ ಕಾರಿನ ಹಿಂದಿನ ಬಾಗಿಲಿನ ಮೇಲೆ, ಸೈಕಲ್ಲಿನ ಹ್ಯಾಂಡಲ್ ತಾಗಿದಂಥ ಒಂದು ಉದ್ದನೆಯ ಗೀರು ಇದೆ. ಅದು ಹೇಗಾಯಿತು ಎಂದು ಆ ಪರದೆಯ ಮೇಲೆ ಯಾವ ಚಿತ್ರವೂ ಬಂದಿಲ್ಲ. ನಿಮ್ಮಪ್ಪ ಎದುರು ಮನೆಗೆ ಸೈಕಲ್ಲಿನಲ್ಲಿ ಬರುವ ಹಾಲಿನವನ ಮೇಲೆ ಸಂಶಯ ಪಡುತ್ತಿದ್ದಾನೆ. ನಿಮ್ಮಲ್ಲಿ ಯಾರಿಗೆ ಗೊತ್ತಿದೆಯೋ ಅವರು ಊಟ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕೂತುಕೊಳ್ಳಿ. ಅಪ್ಪನ ಹತ್ತಿರ ನಾನೂ ಜೊತೆಗೆ ಬರುತ್ತೇನೆ.